ಮುಯ್ಯಿ ಹೋಗಿ ‘ಸಹಾಯ’ ಬಂತು: ಇಂಗ್ಲಿಷ್ ತಿದ್ದಿಕೊಡುವ ಸೇವೆಗೆ ಐದಕ್ಕೆ ಎರಡು ನಕ್ಷತ್ರ

ನಾನು ಪುಣೆಯಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ, ಸಿಎಚ್‌ಬಿ ಮೇಲೆ. ಮಹಾರಾಷ್ಟ್ರದಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ: ತಾಸಿನ ಲೆಕ್ಕದ ಪಗಾರ, ಸೂಟಿಯಲ್ಲಿ ಅದೂ ಇಲ್ಲ. ಊರು ಇಂಡಿ ತಾಲೂಕು. ಪುಣೆಯ ವಾರ್ಜೆಯ ಮಜೂರ ನಾಕಾದಲ್ಲಿ ಬೆಳಗ್ಗೆ ಬುತ್ತಿ ಹಿಡಿದು ಕೂಲಿಗೆ ಕರೆಯುವವರನ್ನು ಕಾಯುತ್ತ ನಿಲ್ಲುವ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳ ಜೊತೆ ಎರಡು ವರ್ಷ ಕೂತು ಮಾತಾಡಿ ಒಂದು ಲೇಖನ ಬರೆದೆ. ಹೊರದೇಶದ ಸ್ತ್ರೀವಾದಿ ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದರೆ, ಒಳಗೇನಿದೆ ಎಂದು ನೋಡುವ ಮೊದಲೇ ವಾಪಸ್ ಬಂತು. ಭಾಷೆ ಸರಿಯಿಲ್ಲ, ವೃತ್ತಿಪರರಿಂದ ತಿದ್ದಿಸಿ ಎಂದರು. ಕೆಳಗೆ ಒಂದು ಕಂಪನಿಯ ಲಿಂಕನ್ನೂ ಅವರೇ ಕೊಟ್ಟಿದ್ದರು. ಹೆಸರು ಬರೆಯುವುದಿಲ್ಲ.

6,400 ಪದಕ್ಕೆ, ‘ಪ್ರೀಮಿಯಂ’ ಆದ್ದರಿಂದ, 390 ಡಾಲರ್. ಕಾರ್ಡಿನವರ ಕಮಿಷನ್ ಬೇರೆ. ನನ್ನ ಒಂದು ತಿಂಗಳ ಪಗಾರ ಪೂರ್ತಿ ಹೋಗಿ, ಮೇಲೆ ತಂಗಿಯಿಂದ ಕೈಗಡ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಏಳು ದಿನ ಅಂದವರು ಆರನೇ ದಿನಕ್ಕೇ ಕೊಟ್ಟರು. ‘ಎ’, ‘ಆ್ಯನ್’, ‘ದಿ’ ಎಂಬ ಮೂರು ತುಂಡುಪದಗಳು ಐದನೇ ಇಯತ್ತೆಯಿಂದ ನನ್ನನ್ನು ಕಾಡುತ್ತಿವೆ. ಅವನ್ನೆಲ್ಲ ಜಾಗಕ್ಕೆ ಕೂರಿಸಿದ್ದರು. ಕೋಷ್ಟಕಗಳೂ ಚೊಕ್ಕ.

ಆಮೇಲೆ ಮುಯ್ಯಿ ಹುಡುಕಿದೆ. ಸಿಗಲಿಲ್ಲ.

ನಾಕಾದಲ್ಲಿ ಎಳೆಗೂಸು ಇರುವವರು ಆರೇಳು ಮಂದಿ. ದಿನಕ್ಕೊಬ್ಬಳು ಕೂಲಿ ಬಿಟ್ಟು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುತ್ತಾಳೆ. ಅದಕ್ಕೆ ಅವರು ಮುಯ್ಯಿ ಅನ್ನುತ್ತಾರೆ. ಹೊಲದಲ್ಲಿ ಮುಯ್ಯಾಳು ಹೋದಂತೆ, ಮದುವೆಯಲ್ಲಿ ಮುಯ್ಯಿ ಓದಿಸಿದಂತೆ, ಕೊಟ್ಟಿದ್ದು ತಿರುಗಿ ಬರಬೇಕು. ಬಾರದಿದ್ದರೆ ಸೇಡಿಗೂ ಅದೇ ಪದ. ನಾಕಾದ ಜಗಳದಲ್ಲಿ ಅದನ್ನೂ ಕೇಳಿದ್ದೇನೆ. ನನ್ನ ವಾದ ಪೂರ್ತಿ ಈ ಪದದ ಮೇಲೆ ನಿಂತಿದೆ. ತಿದ್ದಿದವರು ಅದನ್ನು 31 ಕಡೆ ತೆಗೆದು, ‘ಅನೌಪಚಾರಿಕ ಶಿಶುಪಾಲನಾ ಸಹಾಯ’ ಎಂಬರ್ಥದ ಇಂಗ್ಲಿಷ್ ಹಾಕಿದ್ದಾರೆ. ಸಹಾಯವಂತೆ! ಆ ಹೆಣ್ಣುಮಕ್ಕಳ ಮುಂದೆ ಹೀಗಂದರೆ ಬೈಸಿಕೊಂಡು ಬರಬೇಕಾದೀತು.

ಅದೇ ಪುಟದಲ್ಲಿ ಸಮಾಜಶಾಸ್ತ್ರಜ್ಞ ಬೂರ್ದಿಯೋ ಅವರ ‘ಹ್ಯಾಬಿಟಸ್’ (ಬೆಳೆದ ಪರಿಸರದಿಂದ ಮೈಗೂಡಿದ ನಡೆನುಡಿ) ನಾಲ್ಕು ಸಲ ಬಂದಿದೆ. ಲ್ಯಾಟಿನ್ ಪದ, ಚಾಲ್ತಿಗೆ ತಂದವರು ಫ್ರೆಂಚರು. ಅದನ್ನು ಯಾರೂ ಮುಟ್ಟಿಲ್ಲ, ಅರ್ಥ ಬರೆಯಿರಿ ಎಂದೂ ಕೇಳಿಲ್ಲ.

ಶೀರ್ಷಿಕೆಯಲ್ಲಿದ್ದ ಯಾದಗಿರಿ, ವಿಜಯಪುರ ಹೋಗಿ ‘ಗ್ಲೋಬಲ್ ಸೌತ್‌ನ ಮಹಿಳೆಯರು’, ಅಂದರೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಾಗಳ ಹೆಂಗಸರೆಲ್ಲ, ಬಂದರು. ಮುಂಬೈಯಲ್ಲಿ ಹುಟ್ಟಿದ ಸ್ತ್ರೀವಾದಿ ವಿದ್ವಾಂಸೆ ಚಂದ್ರಾ ತಳಪದೆ ಮೊಹಾಂತಿ 1984ರಲ್ಲೇ ಇದನ್ನು ಜಾಲಾಡಿದ್ದರು: ಪಶ್ಚಿಮದ ಸ್ತ್ರೀವಾದಿ ಬರಹಗಳು ಬೇರೆ ಬೇರೆ ಬದುಕಿನ ಹೆಂಗಸರನ್ನೆಲ್ಲ ಕಲಸಿ ‘ಮೂರನೇ ಜಗತ್ತಿನ ಹೆಂಗಸು’ ಎಂಬ ಒಂದೇ ಗೊಂಬೆ ಮಾಡುತ್ತವೆ ಅಂತ. ಆ ಲೇಖನವನ್ನು ನಾನು ಎರಡನೇ ಪುಟದಲ್ಲಿ ಉಲ್ಲೇಖಿಸಿದ್ದೇನೆ. ಅಲ್ಲಿ ಇವರು ಒಂದು ಅಲ್ಪವಿರಾಮ ಸರಿಮಾಡಿದ್ದಾರೆ.

ಸಿಟ್ಟು ನೆತ್ತಿಗೇರಿದ್ದು ತಾರಾಬಾಯಿ ಶಿಂದೆಯ ವಿಷಯಕ್ಕೆ. 1882ರಲ್ಲಿ, ನಾನು ಕೂತಿರುವ ಇದೇ ಪುಣೆಯಲ್ಲಿ ಅಚ್ಚಾದ ಆಕೆಯ ಮರಾಠಿ ಪುಸ್ತಕ ‘ಸ್ತ್ರೀ ಪುರುಷ ತುಲನಾ’. ಅದರ ಪಕ್ಕ ಟಿಪ್ಪಣಿ: ಈಚಿನ, ಇಂಗ್ಲಿಷ್ ಆಕರವೇನಾದರೂ ಇದೆಯೇ? ಇಂಗ್ಲಿಷಿಗೆ ಆ ಪುಸ್ತಕ ಬಂದದ್ದು 1994ರಲ್ಲಿ. ಹಾಗಾದರೆ ನಡುವಿನ 112 ವರ್ಷ ಆಕೆ ಏನೂ ಬರೆದೇ ಇರಲಿಲ್ಲವೇ?

ಚಾಟ್‌ನಲ್ಲಿ ಕೇಳಿದೆ. ಬಹಳ ಸೌಜನ್ಯದ ಉತ್ತರ: ‘ಅಂತರರಾಷ್ಟ್ರೀಯ ಓದುಗರು ಎಡವಬಾರದು’ ಅಂತ. ಸೊಲ್ಲಾಪುರದಿಂದ ಕಲಬುರಗಿವರೆಗೆ ಮುಯ್ಯಿ ತಿಳಿದವರು ಲಕ್ಷಗಟ್ಟಲೆ ಇದ್ದಾರಲ್ಲ, ಅವರು ಯಾವ ರಾಷ್ಟ್ರೀಯರೋ. ತಿದ್ದಿದವರ ಮೇಲೆ ನನಗೆ ದ್ವೇಷವಿಲ್ಲ. ಇಂಗ್ಲಿಷ್ ನೋಡಿದರೆ ಅವರೂ ಇಲ್ಲೇ ಎಲ್ಲೋ ಪದಕ್ಕಿಷ್ಟು ಪೈಸೆ ಎಂದು ದುಡಿಯುವವರೇ ಇರಬೇಕು.

ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿಯ ‘ಒಂದು ದೇಶ, ಒಂದು ಚಂದಾ’ ಯೋಜನೆ ತಂದು, 2025ರಿಂದ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ನಮ್ಮದು ಅನುದಾನರಹಿತ ಕಾಲೇಜು, ಅದರೊಳಗೆ ಬರುವುದಿಲ್ಲ. ನನ್ನದೇ ಲೇಖನ ಅಚ್ಚಾದರೂ ಗೆಳತಿಯ ಲಾಗಿನ್‌ನಲ್ಲಿ ಓದಬೇಕು.

ಒಂದು ಇಡೀ ರಾತ್ರಿ ಕೂತು 31 ಕಡೆಯೂ ಮುಯ್ಯಿಯನ್ನು ವಾಪಸ್ ತಂದೆ. ‘ದಿ’ಗಳನ್ನು ಹಾಗೇ ಇಟ್ಟುಕೊಂಡೆ, ಅವಕ್ಕೆ ದುಡ್ಡು ಕೊಟ್ಟಿದ್ದೇನೆ.

ಇಂಥ ಸೇವೆ ತೆಗೆದುಕೊಳ್ಳುವವರು ಪ್ರೀಮಿಯಂ ಬಿಡಿ, ವ್ಯಾಕರಣದ ಸಾದಾ ಪ್ಯಾಕೇಜ್ ಸಾಕು. ಫಾರ್ಮಿನ ತೀರಾ ಕೆಳಗೆ, ಬಿಲ್ಲಿನ ವಿಳಾಸವೂ ಆದ ಮೇಲೆ, ‘ಮುಟ್ಟಬಾರದ ಪದಗಳು’ ಎಂಬ ಖಾನೆ ಇದೆ. ನನಗದು ಕಂಡದ್ದು ದುಡ್ಡು ಕಟ್ಟಿದ ಮೇಲೆ. ಐವತ್ತು ಅಕ್ಷರಕ್ಕಷ್ಟೇ ಜಾಗ. ಊರಿನ ಹೆಸರುಗಳನ್ನು ಮೊದಲು ತುಂಬಿಸಿ.