ಎ4 ಕಾಪಿಯರ್ ರೀಮು: ಪ್ರಿಂಟಿಗೆ ಸೈ, ನೋಟ್‌ಬುಕ್ ಹೊಲಿಯಲು ಎ3 ತನ್ನಿ

75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ ತೂಗುವ) ಎ4 ರೀಮು, 500 ಹಾಳೆ, ತೂಕ ಸುಮಾರು 2.3 ಕೆ.ಜಿ. ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುವ ಸರಕು. ಕೊಳ್ಳುವಾಗ ಬಿಳುಪು ನೋಡುತ್ತೇವೆ, ದಪ್ಪ ಕೇಳುತ್ತೇವೆ. ಎಳೆ, ಅಂದರೆ ಕಾಗದದ ನಾರು ಮಲಗಿದ ದಿಕ್ಕು, ಯಾವ ಕಡೆಗಿದೆ ಎಂದು ಕೇಳುವವರು ಅಪರೂಪ. ಪ್ರಿಂಟ್ ತೆಗೆದು ಫೈಲಿಗೆ ಹಾಕುವವರಿಗೆ ಅದು ಬೇಕಾಗಿಯೂ ಇಲ್ಲ. ಆದರೆ ಇದೇ ಹಾಳೆಗಳನ್ನು ನಡುವಿಗೆ ಮಡಚಿ ಎ5 ನೋಟ್‌ಬುಕ್ ಹೊಲಿಯುವವರು ಮೊದಲು ಒಂದು ಹಾಳೆ ಹರಿದು ನೋಡಬೇಕು.

ಗಿಡ್ಡ ಅಂಚಿನಿಂದ (210 ಮಿ.ಮೀ.) ಕೆಳಮುಖವಾಗಿ ಹರಿಯಿರಿ: ಪಟ್ಟಿ ಹೆಚ್ಚುಕಡಿಮೆ ನೇರವಾಗಿ ಬರುತ್ತದೆ. ಉದ್ದ ಅಂಚಿನಿಂದ (297 ಮಿ.ಮೀ.) ಅಡ್ಡ ಹರಿಯಿರಿ: ನಾಲ್ಕು ಬೆರಳು ಹೋಗುವಷ್ಟರಲ್ಲಿ ಸೀಳು ಸೊಟ್ಟಗಾಗಿ ಪಕ್ಕಕ್ಕೆ ಎಳೆಯುತ್ತದೆ, ಅಂಚಿನಲ್ಲಿ ನಾರು ಎದ್ದಿರುತ್ತದೆ. ಗಿರಣಿಯಲ್ಲಿ ನೀರುನೀರಾದ ತಿರುಳು ಓಡುವ ಜಾಲರಿಯ ಮೇಲೆ ಬೀಳುತ್ತದೆ. ನಾರುಗಳಲ್ಲಿ ಹೆಚ್ಚಿನವು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ಪ್ರೆಸ್ಸಿನವರು ಗ್ರೇನ್ ಎನ್ನುವುದು ಇದನ್ನೇ. ಎಳೆಯ ಗುಂಟ ಹರಿದರೆ ಸೀಳು ನಾರುಗಳ ನಡುವೆ ನುಸುಳುತ್ತದೆ. ಅಡ್ಡ ಹರಿದರೆ ನಾರನ್ನೇ ತುಂಡರಿಸಬೇಕು ಇಲ್ಲವೇ ಕಿತ್ತು ತೆಗೆಯಬೇಕು. ಹಾಗಾಗಿ ಸೀಳು ಸುಲಭದ ದಾರಿಗೆ ತಿರುಗುತ್ತದೆ. ದೊಡ್ಡ ಅಳತೆಯ ದಿನಪತ್ರಿಕೆ ಮೇಲಿಂದ ಕೆಳಕ್ಕೆ ನೀಟಾಗಿ ಹರಿದು, ಅಡ್ಡಕ್ಕೆ ಚಿಂದಿಯಾಗುವುದೂ ಇದರಿಂದಲೇ.

ಎ4 ರೀಮಿನಲ್ಲಿ ಸಾಮಾನ್ಯವಾಗಿ ಎಳೆ 297ರ ಗುಂಟ ಇರುತ್ತದೆ. ಗಿಡ್ಡ ಅಂಚು ಮುಂದಾಗಿ ಒಳಹೋಗುವ ಮನೆಯ ಪ್ರಿಂಟರಿಗೆ ಅದು ಹೇಳಿ ಮಾಡಿಸಿದ ದಿಕ್ಕು. ಎ5ಗೆ ಮಡಚಿದಾಗ ಮಾತ್ರ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಎಷ್ಟು ಒತ್ತಿದರೂ ಮಡಿಕೆ ಪುಟಿದೇಳುತ್ತದೆ, ಪುಟಗಳು ಬಿದ್ದುಕೊಳ್ಳದೆ ಸೆಟೆದು ನಿಲ್ಲುತ್ತವೆ. ಬೆನ್ನಿಗೆ ಗೋಂದು ಹಚ್ಚಿದ ಮೇಲೆ ಇನ್ನೂ ಕಷ್ಟ. ನಾರು ತೇವ ಕುಡಿದರೆ ದಪ್ಪವಾಗುತ್ತದೆಯೇ ಹೊರತು ಉದ್ದವಾಗುವುದು ತೀರ ಕಡಿಮೆ. ಅಂದರೆ ಹಾಳೆ ಹಿಗ್ಗುವುದು ಎಳೆಗೆ ಅಡ್ಡವಾಗಿ, ಇಲ್ಲಿ ಬೆನ್ನಿನ ಗುಂಟ. ಗೋಂದು ಹಿಡಿದಿರುವ ಕಡೆ ಹಿಗ್ಗಲು ಜಾಗವಿಲ್ಲದೆ ಬೆನ್ನಿನ ಬಳಿ ಅಲೆಅಲೆಯಾಗಿ ಸುಕ್ಕು ಬೀಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ.

ಇದಕ್ಕೆ ಎ3 (297 × 420 ಮಿ.ಮೀ.) ರೀಮೇ ಒಳ್ಳೆಯದು, ಅದರಲ್ಲೂ ಎಳೆ 420ರ ಗುಂಟ ಇರುವಂಥದ್ದು. 420ನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ಎ4. ಈಗ ಎಳೆ 210ರ ಗುಂಟ ಬಂತು. ಮಡಚಿದರೆ ಎಳೆ ಬೆನ್ನಿಗೆ ಸಮಾನಾಂತರ. ಹೀಗೆ ಕತ್ತರಿಸಿದ ನಾಲ್ಕು ಹಾಳೆ ಒಂದರೊಳಗೊಂದು ಇಟ್ಟು ಮಡಚಿದರೆ 16 ಪುಟದ ಒಂದು ಕಟ್ಟು. ಎಂಟು ಕಟ್ಟಿಗೆ 128 ಪುಟ, ಖರ್ಚು 16 ಎ3 ಹಾಳೆ. ಆದರೆ ಎ3ಯಲ್ಲಿ ಎಳೆ 297ರ ಗುಂಟ ಇರುವ ರೀಮುಗಳೂ ಬರುತ್ತವೆ. ಅದನ್ನು ಕತ್ತರಿಸಿದರೆ ಮತ್ತೆ ಅದೇ ತೊಂದರೆ. ಕತ್ತರಿಸದೆ ಮಡಚಿ ಎ4 ಪುಸ್ತಕ ಮಾಡಿದರೆ ಸರಿಹೋಗುತ್ತದೆ.

ಆದ್ದರಿಂದ ಬ್ಲೇಡು ಹಿಡಿಯುವ ಮುಂಚೆ 5 ಸೆಂ.ಮೀ. ಚೌಕ ಕತ್ತರಿಸಿ, ಹಾಳೆಯ ಉದ್ದ ಅಂಚು ಇದ್ದ ದಿಕ್ಕಿಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು, ಒಂದೇ ಮಗ್ಗುಲಿಗೆ ನೀರು ಸವರಿ. ಚೌಕ ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಉದ್ದಕ್ಕೆ ಮಲಗಿದ ದಿಕ್ಕೇ ಎಳೆ. ಹರಿದು ನೋಡುವುದಕ್ಕಿಂತ ಇದನ್ನು ಹೆಚ್ಚು ನಂಬಬಹುದು, ಏಕೆಂದರೆ ಹರಿಯುವಾಗ ಕೈ ವಾಲಿದರೂ ಸೀಳು ವಾಲುತ್ತದೆ.

ಕೈಕಾಗದದಲ್ಲಿ ಈ ತಾಪತ್ರಯ ಕಡಿಮೆ. ಅಚ್ಚನ್ನು ಎರಡೂ ಕಡೆ ಅಲುಗಿಸುವುದರಿಂದ ನಾರು ಎಲ್ಲ ದಿಕ್ಕಿಗೂ ಹರಡಿರುತ್ತದೆ, ಎತ್ತ ಹರಿದರೂ ಹೆಚ್ಚುಕಡಿಮೆ ಒಂದೇ. ಹೊದಿಕೆಗೆ ಚೆನ್ನ, ಒಳಹಾಳೆಗೆ ದಪ್ಪವಾಯಿತು.

ರಟ್ಟಿಗೂ ಎಳೆ ಇದೆ. ನೀರು ತಾಗಿಸದೆ, ಎರಡೂ ಕಡೆ ಮೆಲ್ಲಗೆ ಬಗ್ಗಿಸಿ. ಸುಲಭವಾಗಿ ಬಾಗುವಾಗ ಬಾಗಿನ ಗೆರೆ ಇರುವ ದಿಕ್ಕೇ ಎಳೆ, ಅದನ್ನು ಬೆನ್ನಿನ ಗುಂಟ ಇಡಿ. ಅಂಟಿಸುವ ಹಾಳೆಯ ಎಳೆಯೂ ಅದೇ ದಿಕ್ಕಿಗಿರಲಿ. ಮೈದಾ ಅಂಟು ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಭಾರದಡಿ ಇಡಿ; ಅವಸರಕ್ಕೆ ಬಿಸಿಲಿಗೆ ಇಟ್ಟರೆ ಒಂದು ಮಗ್ಗುಲು ಬೇಗ ಒಣಗಿ ರಟ್ಟು ಸೊಟ್ಟಗಾಗುತ್ತದೆ.