ಆಕ್ಯುಬ್ಯಾಟರಿ: ಬ್ಯಾಟರಿ ಬದಲಿಸುವ ಮೊದಲು ಈ ಆ್ಯಪ್ ಹಾಕಿ ನೋಡಿ

ಫೋನಿನಲ್ಲಿ ಚಾರ್ಜ್ ನಿಲ್ಲುತ್ತಿಲ್ಲ ಅಂದರೆ ಸಿಗುವ ಉತ್ತರ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಪೇಟೆಯ ರಿಪೇರಿ ಅಂಗಡಿಯಲ್ಲಿ ನನ್ನ ಫೋನನ್ನು ಬಿಚ್ಚಿ ನೋಡದೆಯೇ ಹಾಗೆ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಮನೆಗೆ ಬಂದು ಆಕ್ಯುಬ್ಯಾಟರಿ ಹಾಕಿಕೊಂಡೆ. ಆಂಡ್ರಾಯ್ಡ್ ಆ್ಯಪ್ ಇದು, ಪ್ಲೇ ಸ್ಟೋರಿನಲ್ಲಿ ಪುಕ್ಕಟೆ ಸಿಗುತ್ತದೆ.

ಚಾರ್ಜ್ ಆಗುವಾಗ ಬ್ಯಾಟರಿಗೆ ಎಷ್ಟು ಕರೆಂಟ್ ಹೋಯ್ತು ಅಂತ ಅಳೆದು, ಬ್ಯಾಟರಿಯಲ್ಲಿ ಈಗ ಎಷ್ಟು ಹಿಡಿಸುತ್ತದೆ ಅಂತ ಇದು ಅಂದಾಜು ಮಾಡುತ್ತದೆ. ಒಂದೇ ಸಲದ ಅಂಕಿ ನಂಬಬೇಡಿ. ಹಲವು ಸಲ, ಅದೂ ಚೆನ್ನಾಗಿ ಇಳಿದ ಮೇಲೆ ಚಾರ್ಜ್ ಮಾಡಿದರೆ ಲೆಕ್ಕ ಒಂದು ಕಡೆ ನಿಲ್ಲುತ್ತದೆ. ನನ್ನ 5000 ಎಂಎಎಚ್ ಬ್ಯಾಟರಿ 4450ರ ಹತ್ತಿರ ನಿಂತಿತು. ಶೇ 89. ಬ್ಯಾಟರಿ ಗಟ್ಟಿಯಾಗೇ ಇದೆ ಅಂದಮೇಲೆ ಚಾರ್ಜ್ ಎಲ್ಲಿಗೆ ಹೋಗುತ್ತಿತ್ತು?

ಅದು ಗೊತ್ತಾಗಿದ್ದು ಡಿಸ್‌ಚಾರ್ಜಿಂಗ್ ಪುಟದಲ್ಲಿ. ಸ್ಕ್ರೀನ್ ಆನ್ ಇದ್ದಾಗ ಗಂಟೆಗೆ ಎಷ್ಟು ಪರ್ಸೆಂಟ್ ಇಳಿಯಿತು, ಆಫ್ ಇದ್ದಾಗ ಎಷ್ಟು ಅಂತ ಅಲ್ಲಿ ಬೇರೆ ಬೇರೆ ಇರುತ್ತದೆ. ನೋಡಬೇಕಾದ್ದು ಎರಡನೇ ಅಂಕಿ. ಶಿವಮೊಗ್ಗದ ತಂಗಿ ಮನೆಯಲ್ಲಿ ಗಂಟೆಗೆ ಒಂದು ಪರ್ಸೆಂಟೂ ಇಳಿಯದ ಫೋನು, ಹೊಸನಗರದ ಕಡೆಯ ನಮ್ಮ ತೋಟದಲ್ಲಿ ಸುಮ್ನೆ ಜೇಬಿನಲ್ಲಿದ್ದಾಗಲೂ ನಾಲ್ಕು ಇಳಿಯುತ್ತಿತ್ತು. ಅದೇ ಫೋನು, ಅವೇ ಆ್ಯಪುಗಳು. ಬೇರೆ ಇದ್ದದ್ದು ಸಿಗ್ನಲ್ ಮಾತ್ರ. ಗುಡ್ಡದ ಮರೆಯಲ್ಲಿ ಒಂದು ಕಡ್ಡಿ ಬಂದರೂ ನಿಲ್ಲುವುದಿಲ್ಲ. ದೂರದ ಟವರನ್ನು ಮುಟ್ಟಲು ಫೋನು ಜಾಸ್ತಿ ಪವರ್ ಸುರಿಯಬೇಕು, ತಪ್ಪಿದಾಗೆಲ್ಲ ಮತ್ತೆ ಹುಡುಕಬೇಕು. ಎರಡು ಸಿಮ್ ಇದ್ದರೆ ಎರಡಕ್ಕೂ ಇದೇ ಪಾಡು.

5ಜಿ ತೆಗೆದು 4ಜಿಗೆ ಇಟ್ಟೆ. ತೋಟದಲ್ಲಿ ಸಿಗದ ಸಿಮ್ಮನ್ನು ಸೆಟ್ಟಿಂಗ್ಸಿನಲ್ಲೇ ಆಫ್ ಮಾಡಿದೆ. ರಾತ್ರಿ ಫ್ಲೈಟ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಇಡುತ್ತೇನೆ, ವೈಫೈ ಕಾಲಿಂಗ್ ಇರುವುದರಿಂದ ಕರೆಯೂ ಬರುತ್ತದೆ. ರೂಟರನ್ನು ಇನ್ವರ್ಟರಿಗೆ ಕೊಡಲೇಬೇಕು, ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ವಾ. ಈಗ ಬೆಳಿಗ್ಗೆ ಹಾಕಿದ ಚಾರ್ಜ್ ರಾತ್ರಿವರೆಗೂ ಬರುತ್ತದೆ. ನಮಗೆ ಇದು ದೊಡ್ಡ ವಿಷಯ. ಮಳೆ ಬಿಡುವು ಕೊಟ್ಟಾಗಲೇ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಬೇಕು. ಆ ಹೊತ್ತಿಗೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಫೋನ್ ತಪ್ಪಿದರೆ ಕೊಳೆ ರೋಗಕ್ಕೆ ಅಡಿಕೆಯೇ ಹೋಗುತ್ತದೆ.

ಅಪ್ಪನ ಹಳೇ ಫೋನಿನ ಕತೆ ಬೇರೆ. 4000ದ ಬ್ಯಾಟರಿ 2480 ತೋರಿಸಿತು, ಮೂವತ್ತು ಪರ್ಸೆಂಟ್ ಇದ್ದಾಗಲೇ ಫಟ್ಟನೆ ಆಫ್ ಆಗುತ್ತಿತ್ತು. ಅಂಥದ್ದಕ್ಕೆ ಯಾವ ಸೆಟ್ಟಿಂಗೂ ಆಗುವುದಿಲ್ಲ. ಬ್ಯಾಟರಿ ಬದಲಿಸಿದೆವು, ಸರಿಹೋಯ್ತು. ಹಿಂದಿನ ಮುಚ್ಚಳ ಉಬ್ಬಿದ್ದರಂತೂ ಆ್ಯಪ್ ನೋಡುತ್ತಾ ಕೂರಬೇಡಿ. ಅದನ್ನು ಚಾರ್ಜಿಗೆ ಹಾಕುವುದೇ ಅಪಾಯ.

ಆ್ಯಪಿನಲ್ಲಿ ಜಾಹೀರಾತು ಇದೆ. ಹಳೇ ದಿನಗಳ ವಿವರ ಬೇಕಾದರೆ ದುಡ್ಡು ಕೊಡಬೇಕು, ನನಗೆ ಅದರ ಅಗತ್ಯ ಬಿದ್ದಿಲ್ಲ. ಕೆಲವು ಕಂಪನಿಯ ಫೋನುಗಳು ಬ್ಯಾಟರಿ ಉಳಿಸಲು ಈ ಆ್ಯಪನ್ನೇ ಮಧ್ಯದಲ್ಲಿ ನಿಲ್ಲಿಸಿಬಿಡುತ್ತವೆ. ಸೆಟ್ಟಿಂಗ್ಸಿಗೆ ಹೋಗಿ ಇದೊಂದಕ್ಕೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಒಳಗೆ ಎರಡು ಸೆಲ್ ಇರುವ ಫೋನಿನಲ್ಲಿ ಅರ್ಧ ಸಾಮರ್ಥ್ಯ ಮಾತ್ರ ತೋರಿಸುವುದುಂಟು, ಅದನ್ನು ನೋಡಿ ಗಾಬರಿಯಾಗಿ ಅಂಗಡಿಗೆ ಓಡಬೇಡಿ.