ಪುಣೆಯ ಶೇತ್ಕರಿ ಆಠವಡೆ ಬಜಾರ್: ಬೇಸಿಗೆ ಬಲಿಯುವ ಮುನ್ನ ಏನು ಕೊಳ್ಳಬೇಕು, ಏನು ಬಿಡಬೇಕು

ಸೊಪ್ಪು, ದ್ರಾಕ್ಷಿ, ಬಿಳಿಜೋಳಕ್ಕೆ ಐದರಲ್ಲಿ ನಾಲ್ಕೂವರೆ ಅಂಕ. ಈರುಳ್ಳಿಗೆ ನಾಲ್ಕು, ಅದೂ ಮಾರ್ಚ್ ಮುಗಿದ ಮೇಲೆ. ಹಾಪೂಸ್ ಮಾವಿಗೆ ಎರಡೂವರೆ, ಅಷ್ಟೇ. ವರ್ಷಗಟ್ಟಲೆ ಶೇತ್ಕರಿ ಆಠವಡೆ ಬಜಾರ್, ಅಂದರೆ ಶನಿವಾರ, ಭಾನುವಾರದ ರೈತರ ಸಂತೆಯನ್ನೇ ನೆಚ್ಚಿದ ಅಡುಗೆಮನೆಯ ಲೆಕ್ಕ ಇದು.

2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು, ತರಕಾರಿಯನ್ನು ಎಪಿಎಂಸಿ ನಿಯಂತ್ರಣದಿಂದ ಹೊರಗಿಟ್ಟ ಮೇಲೆ ರೈತರ ಗುಂಪುಗಳು ಊರೊಳಗೆ ನೇರವಾಗಿ ಮಾರುವುದು ಸಲೀಸಾಯಿತು. ಆದರೆ ಬ್ಯಾನರ್ ಮೇಲೆ ‘ಶೇತ್ಕರಿ’ ಎಂದು ಬರೆದ ಮಾತ್ರಕ್ಕೆ ನಿಂತವರೆಲ್ಲ ರೈತರಲ್ಲ. ಬೆಳಗಿನ ಜಾವ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಸಗಟು ಮಾರುಕಟ್ಟೆಯಲ್ಲಿ ಎತ್ತಿದ ಮಾಲೂ ಇಲ್ಲಿಗೆ ಬರುತ್ತದೆ. ಒಂದೇ ಮೇಜಿನ ಮೇಲೆ ಹತ್ತೆಂಟು ತರಕಾರಿ ಇದೆ ಎಂದು ಅನುಮಾನ ಪಡಬೇಡಿ. ಗುಂಪಿನವರು ಒಬ್ಬರ ಮೆಂತ್ಯ, ಇನ್ನೊಬ್ಬರ ಟೊಮೆಟೊ ಸೇರಿಸಿಯೇ ತರುತ್ತಾರೆ. ಅದರ ನಡುವೆ ಸೇಬು, ಕಿವಿ ಹಣ್ಣು ಕಂಡರೆ ಮಾತ್ರ ಮುಂದೆ ನಡೆಯಿರಿ. ಕೇಳಬೇಕಾದ್ದು ಎರಡೇ: ಯಾವ ತಾಲ್ಲೂಕು, ಮುಂದಿನ ವಾರ ಏನು ತರುತ್ತೀರಿ. ಬೆಳೆದವರು ‘ಮೆಂತ್ಯದ ಮಡಿ ಮುಗೀತು, ಇನ್ನು ಬೆಂಡೆ ಶುರು’ ಅನ್ನುತ್ತಾರೆ. ಕೊಂಡು ತಂದವರು ‘ಎಲ್ಲಾ ಇರುತ್ತೆ’ ಅನ್ನುತ್ತಾರೆ.

ಬೆಲೆ ಸರಿಯೋ ಇಲ್ಲವೋ ನೋಡಲು ರಾಜ್ಯ ಪಣನ್ ಮಂಡಳದ (ಕೃಷಿ ಮಾರಾಟ ಮಂಡಳಿ) ವೆಬ್‌ಸೈಟಿನಲ್ಲಿ ಯಾರ್ಡಿನ ದಿನದ ದರ ಸಿಗುತ್ತದೆ. ಅದು ಕ್ವಿಂಟಲ್ ದರ, 100ರಿಂದ ಭಾಗಿಸಿಕೊಳ್ಳಿ. ಅದರ ಒಂದೂವರೆ ಪಟ್ಟಿನೊಳಗೆ ಒಳ್ಳೆ ಮಾಲು ಸಿಕ್ಕರೆ ಚೌಕಾಸಿಗೆ ಇಳಿಯುವುದು ಸಣ್ಣತನ. ತೂಕದ ಯಂತ್ರದ ಮೇಲೆ ಖಾಲಿ ಬುಟ್ಟಿ ಇಟ್ಟಾಗ ಸೊನ್ನೆ ತೋರಿಸುತ್ತದೆಯೇ, ಅಷ್ಟು ನೋಡಿಕೊಂಡರೆ ಸಾಕು.

ಸೊಪ್ಪಿಗೆ ಈ ಸಂತೆಯನ್ನು ಮೀರಿಸುವ ಜಾಗವಿಲ್ಲ, ಬೇಗ ಹೋದರೆ. ಮಾರ್ಚ್ ಬಿಸಿಲಿಗೆ ಎಲೆ ಬಾಡಿದಂತೆಲ್ಲ ನೀರು ಚಿಮುಕಿಸುತ್ತಾರೆ, ಮೇಲಿನ ಎಲೆ ನಳನಳಿಸುತ್ತದೆ, ಒಳಗಿನದು ಬೇಯುತ್ತದೆ. ಕಟ್ಟಿನ ನಡುವೆ ಬೆರಳು ತೂರಿಸಿ ನೋಡಿ: ತಣ್ಣಗಿದ್ದರೆ ಅಂದಿನ ಕೊಯ್ಲು, ಬೆಚ್ಚಗಿದ್ದರೆ ಒಳಗೆ ಕೊಳೆಯಲು ಶುರುವಾಗಿದೆ ಎಂದೇ ಅರ್ಥ. ಮನೆಗೆ ಬಂದ ಕೂಡಲೇ ಕಟ್ಟು ಬಿಚ್ಚಿ, ತೊಳೆಯದೆ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ ಇಡಿ. ಪುಂಡಿಪಲ್ಯ ಬೇಕಿದ್ದವರು ಅಂಬಾಡಿ ಎಂದು ಕೇಳಿ. ಚುಕ್ಕಾ, ರಾಜಗಿರಿ, ಚಾಕವತ್ ಎಲ್ಲ ಅದರ ಪಕ್ಕದಲ್ಲೇ ಇರುತ್ತವೆ.

ದ್ರಾಕ್ಷಿ ಜುನ್ನರ್, ನಾರಾಯಣಗಾಂವ್, ಬಾರಾಮತಿ ಕಡೆಯದು. ಕೊಯ್ದ ಮೇಲೆ ದ್ರಾಕ್ಷಿ ಸಿಹಿಯಾಗುವುದಿಲ್ಲ, ಹಾಗಾಗಿ ತಿಂದು ನೋಡಿಯೇ ಕೊಳ್ಳಬೇಕು. ಗೊಂಚಲಿನ ತುದಿಯ ಹಣ್ಣು ಕೊನೆಗೆ ಮಾಗುವುದರಿಂದ ಅದನ್ನೇ ಕಿತ್ತು ಬಾಯಿಗೆ ಹಾಕಿ. ಅದು ಸಿಹಿಯಾಗಿದ್ದರೆ ಉಳಿದದ್ದರ ಚಿಂತೆ ಇಲ್ಲ. ತೊಟ್ಟು ಹಸಿರಿದ್ದರೆ ತಾಜಾ, ಕಂದಾಗಿ ಒಣಗಿದ್ದರೆ ಹಳೆಯದು. ಹಣ್ಣಿನ ಮೇಲಿನ ಬೂದಿಯಂಥ ಬಿಳಿ ಪದರ ಔಷಧಿಯಲ್ಲ, ದ್ರಾಕ್ಷಿಯದೇ ಮೇಣ. ಹಾಗಂತ ತೊಳೆಯದೆ ತಿನ್ನಬೇಡಿ, ಔಷಧಿ ಕಣ್ಣಿಗೆ ಕಾಣುವುದಿಲ್ಲ. ಪುರಂದರ ತಾಲ್ಲೂಕಿನ ಅಂಜೂರ ಮಾರ್ಚ್, ಏಪ್ರಿಲ್‌ನಲ್ಲಿ ಚಳಿಗಾಲದ್ದಕ್ಕಿಂತ ಸಿಹಿ, ಆದರೆ ಮರುದಿನಕ್ಕೆ ಉಳಿಯುವ ಮಾಲಲ್ಲ. ಮಹಾಬಳೇಶ್ವರದ ಸ್ಟ್ರಾಬೆರಿ ಡಬ್ಬಿಯನ್ನು ತಿರುಗಿಸಿ ತಳ ನೋಡದೆ ದುಡ್ಡು ಕೊಡಬೇಡಿ. ಏಪ್ರಿಲ್‌ನಲ್ಲಂತೂ ಬೇಡವೇ ಬೇಡ.

ಇನ್ನು ಬಿಳಿಜೋಳ. ಉತ್ತರ ಕರ್ನಾಟಕದ ಮನೆಗಳಿಗೆ ಸಂತೆಯ ಸುತ್ತಾಟವೆಲ್ಲ ಸಾರ್ಥಕವಾಗುವುದು ಇಲ್ಲೇ. ಸೊಲ್ಲಾಪುರ, ಮಂಗಳವೇಢೆ ಕಡೆಯ ಮಾಲದಂಡಿ ತಳಿ ಹಿಂಗಾರು ಬೆಳೆ, ಫೆಬ್ರವರಿ, ಮಾರ್ಚ್‌ನಲ್ಲಿ ರಾಶಿಯಾಗುತ್ತದೆ. ಮಂಗಳವೇಢೆ ಜೋಳಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಹಲ್ಲಿಗಿಟ್ಟು ಕಚ್ಚಿದರೆ ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ತೇವ ಉಳಿದಿದೆ, ಡಬ್ಬಿಯಲ್ಲಿ ಬೂಸ್ಟು ಖಚಿತ. ತಂದು ಎರಡು ದಿನ ಬಿಸಿಲಿಗೆ ಹರಡಿ, ಆರಿದ ಮೇಲೆ ತುಂಬಿಡಿ. ಗಿರಣಿಗೆ ಹದಿನೈದು ದಿನಕ್ಕಾಗುವಷ್ಟೇ ಒಯ್ಯಿರಿ. ಹಿಟ್ಟು ಹಳತಾದಷ್ಟೂ ಜಿಗುಟು ತಪ್ಪಿ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಆಮೇಲೆ ಬಯ್ಯುವುದು ಜೋಳಕ್ಕೆ.

ಈರುಳ್ಳಿಯಲ್ಲಿ ಮೋಸವಿಲ್ಲ, ಅವಸರದ್ದೇ ತೊಂದರೆ. ಫೆಬ್ರವರಿಯಲ್ಲಿ ಬರುವುದು ರಾಂಗಡಾ, ಅಂದರೆ ತಡ ಮುಂಗಾರಿನ ಬೆಳೆ. ಕೂಡಿಟ್ಟರೆ ಬೇಗ ಮೊಳಕೆ ಒಡೆಯುತ್ತದೆ, ವಾರಕ್ಕೆ ಬೇಕಾದಷ್ಟೇ ತನ್ನಿ. ಮಳೆಗಾಲ ದಾಟಿಸುವುದು ಏಪ್ರಿಲ್‌ನ ಉನ್ಹಾಳಿ, ಅಂದರೆ ಬೇಸಿಗೆ ಈರುಳ್ಳಿ. ಕುತ್ತಿಗೆ ಸಣ್ಣಗೆ ಒಣಗಿರಬೇಕು, ಕುತ್ತಿಗೆ ದಪ್ಪ ಇರುವುದು ಅಲ್ಲಿಂದಲೇ ಕೊಳೆಯುತ್ತದೆ. ಹೊಸ ಬೆಳ್ಳುಳ್ಳಿಯ ಸಿಪ್ಪೆ ಹಸಿಯಾಗಿದ್ದರೆ ನೀರಿಗೂ ದುಡ್ಡು ಕೊಟ್ಟಂತೆ.

‘ಸೇಂದ್ರಿಯ’ (ಸಾವಯವ) ಬೋರ್ಡಿಗೆ ಹೆಚ್ಚು ಹಣ ಕೊಡುವ ಮುಂಚೆ ಪಿಜಿಎಸ್ ಪ್ರಮಾಣಪತ್ರ, ಅಂದರೆ ರೈತರ ಗುಂಪೇ ಪರಸ್ಪರ ತಪಾಸಣೆ ಮಾಡಿ ಕೊಡುವ ಸಾವಯವ ಪತ್ರ ಕೇಳಿ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಇದರಿಂದ ವಿನಾಯಿತಿ ಇದೆ, ಕಾಗದ ಇಲ್ಲದ್ದೇ ಸುಳ್ಳಿನ ಗುರುತಲ್ಲ. ಆದರೆ ಗೊಬ್ಬರ ಏನು ಹಾಕುತ್ತೀರಿ, ಹುಳಕ್ಕೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ತಡವರಿಸಬಾರದು.

ಹಾಪೂಸ್‌ಗೆ ಅಂಕ ಕಡಿಮೆ ಏಕೆಂದರೆ ಪೇಟಿಯ ಮೇಲೆ ಕೊಂಕಣದ ದೇವಗಡ ಎಂದಿದ್ದರೂ ಒಳಗೆ ನಮ್ಮದೇ ಕರ್ನಾಟಕದ ಆಪೂಸ್ ಇರುವುದುಂಟು. ಹಣ್ಣು ಕೆಟ್ಟದ್ದಲ್ಲ, ಧಾರವಾಡದವರನ್ನು ಕೇಳಿ ನೋಡಿ. ಬೆಲೆ ಮಾತ್ರ ಕೊಂಕಣದ್ದು. ಯುಗಾದಿಗೆ ಮುಂಚೆ ಹಳದಿಯಾಗಿ ಹೊಳೆಯುವ ಹಣ್ಣನ್ನು ಬಿಡಿ. ಹಣ್ಣು ಮಾಡಲು ಕಾರ್ಬೈಡ್ ಬಳಸುವುದು ನಿಷೇಧದಲ್ಲಿದೆ, ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಎರಡೂ ಬೇಡವೆಂದರೆ ಬಲಿತ ಕಾಯಿಯನ್ನೇ ತಂದು ಹುಲ್ಲಿನಲ್ಲಿ ಒಂದು ವಾರ ಮುಚ್ಚಿಡಿ. ಆದರೂ ‘ಸಾಕಾ’ ಉಳಿಯುತ್ತದೆ: ವಾಟೆಯ ಸುತ್ತ ಬೆಳ್ಳಗೆ, ಬೆಂಡಿನ ಹಾಗೆ ಹುಳಿ ತಿರುಳು. ಹಣ್ಣನ್ನು ಹೆಚ್ಚುವ ತನಕ ಹೊರಗೆ ಸುಳಿವಿರುವುದಿಲ್ಲ, ಮಾರುವವರಿಗೂ ಗೊತ್ತಾಗುವುದಿಲ್ಲ. ಅಂಥ ಹಣ್ಣಿಗೆ ಬದಲಿ ಕೊಡುತ್ತೀರಾ ಎಂಬುದನ್ನು ದುಡ್ಡು ಕೊಡುವ ಮೊದಲೇ ಮಾತಾಡಿಕೊಳ್ಳಿ. ಮುಂದಿನ ವಾರವೂ ಅದೇ ಜಾಗದಲ್ಲಿ ಕೂರುವವರು ಸಾಮಾನ್ಯವಾಗಿ ಹೂಂ ಅನ್ನುತ್ತಾರೆ.